ಎಡಗೈಯ ಜೇಬು

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಅಪ್ಪ ಅಂಗಿಯ ಎದೆಜೇಬಿನಿಂದ ಚೀಟಿ ತೆಗೆದು ಮೂರನೆಯ ಸಲ ಓದಿಕೊಂಡರು. ಅವಳು ಅದನ್ನು ನೋಡದವಳಂತೆ ಮುಂದಿನ ಸೀಟಿನ ಬೆನ್ನಿನ ಮೇಲೆ ಯಾರೋ ಮೊಳೆಯಲ್ಲಿ ಗೀಚಿದ್ದ ಹೂವನ್ನು ನೋಡುತ್ತ ಕೂತಳು. ಹೂವಿಗೆ ಏಳು ಎಸಳು. ಎಂಟನೆಯದನ್ನು ಗೀಚುವಷ್ಟರಲ್ಲಿ ಅವನು ಇಳಿಯುವ ಜಾಗ ಬಂದಿರಬೇಕು. ಆದರೂ ಚೀಟಿಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಮೇಜಿನ ಮೇಲಿದ್ದುದನ್ನು ಓದಿದ್ದಳು. ಪ್ಲಗ್ ತೆಗೆ. ಹಿಂಬದಿ ಹಲಗೆ ಬಿಚ್ಚು. ವಾಲ್ವುಗಳ ಜಾಗ ಬರೆದುಕೋ. ಒಣ ಬ್ರಷ್‌ನಿಂದ ಧೂಳು ತೆಗೆ. ಹೀಗೆ ಒಂದರ ಕೆಳಗೊಂದು, ಮಕ್ಕಳ ಕಾಪಿ ಪುಸ್ತಕದ ಹಾಗೆ, ನಂಬರು ಹಾಕಿದ ಹದಿನಾಲ್ಕು ಸಾಲು. ಐವತ್ತೈದು ವರ್ಷ ರೇಡಿಯೋ ರಿಪೇರಿ ಮಾಡಿದ ಮನುಷ್ಯ, ಕೆಲಸ ಶುರು ಮಾಡುವ ಮುಂಚೆ ಪ್ಲಗ್ ತೆಗೆಯಬೇಕು ಎಂದು ಚೀಟಿಯಲ್ಲಿ ಬರೆದುಕೊಂಡಿದ್ದರು. ಅವರು ಹಾಗೆ ಬರೆದುಕೊಳ್ಳುವಂತಾದದ್ದು ಅವಳಿಂದ. ಅದು ಗೊತ್ತಿದ್ದವಳು ಈ ಬಸ್ಸಿನಲ್ಲಿ ಅವಳೊಬ್ಬಳೇ.

"ಇನ್ನೆಷ್ಟು ದೂರ?" ಎಂದರು ಅಪ್ಪ.

"ಎರಡು ಸ್ಟಾಪು."

"ಆಗಲೇ ಕೇಳಿದ್ನಾ ನಾನು ಇದನ್ನ?"

"ಇಲ್ಲಪ್ಪ, ಈಗಲೇ ಕೇಳಿದ್ದು." ಇದು ನಿಜ. ನಿಜ ಹೇಳುವಾಗಲೂ ತನ್ನ ದನಿ ಸುಳ್ಳು ಹೇಳುವವರ ದನಿಯಂತೆ ಕೇಳಿಸಿ ಅವಳು ಬಾಯಿ ಮುಚ್ಚಿಕೊಂಡಳು. ಅಪ್ಪ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿ ಮೇಲಿಂದ ಒಮ್ಮೆ ತಟ್ಟಿ ನೋಡಿಕೊಂಡರು. ತೊಡೆಯ ಮೇಲೆ ಹಳೆಯ ತೊಗಲಿನ ಚೀಲ. ಅದರೊಳಗೆ ಬೆಸುಗೆ ಕಡ್ಡಿ, ಸ್ಕ್ರೂಡ್ರೈವರುಗಳು, ಕೂದಲು ಸವೆದ ಬಣ್ಣದ ಬ್ರಷ್ಷು, ಟೆಸ್ಟರು. ಚೀಲ ಎತ್ತಿಕೊಂಡರೆ ಯಾವ ಸಾಮಾನು ಯಾವ ಮೂಲೆಯಲ್ಲಿ ಅಲುಗಿತು ಎಂದು ಸದ್ದಿನಲ್ಲೇ ಹೇಳುತ್ತಿದ್ದ ಅಪ್ಪ, ಹೊರಡುವ ಮುಂಚೆ ಅದನ್ನು ಎರಡು ಸಲ ಸುರಿದು ಎಣಿಸಿದ್ದರು.

ಮಂಗಳವಾರ ಆ ಕಾಗದ ಬಂದಾಗ ಅವಳು ಕಚೇರಿಯಲ್ಲಿ ಮುಂದಿನ ವಾರದ ಪುಟ ತಿದ್ದುತ್ತಿದ್ದಳು. ವಾರಪತ್ರಿಕೆಯ ಮನೆವಾರ್ತೆ ವಿಭಾಗ ಅವಳದು. ಕಲೆ ತೆಗೆಯುವುದು, ಗಿಡ ಸಾಯದಂತೆ ನೋಡಿಕೊಳ್ಳುವುದು, ಬಾಗಿಲು ಕಿರುಗುಟ್ಟದಂತೆ ಮಾಡುವುದು. ಎರಡು ವರ್ಷದ ಹಿಂದೆ ಸಂಪಾದಕರು ಹಳೆಯ ರೇಡಿಯೋ ಸರಿಮಾಡುವ ಬಗ್ಗೆ ಒಂದು ಪುಟ ಬೇಕೆಂದರು. ಎಲ್ಲರ ಮನೆಯ ಅಟ್ಟದಲ್ಲೂ ಒಂದೊಂದು ಇದ್ದೇ ಇದೆ, ಜನಕ್ಕೆ ಅದನ್ನು ಬಿಸಾಡಲೂ ಮನಸ್ಸಿಲ್ಲ, ಹಾಡಿಸಲೂ ಬರುವುದಿಲ್ಲ. "ನಿಮ್ಮ ಮನೆಯಲ್ಲೇ ವಿಶ್ವವಿದ್ಯಾಲಯ ಇದೆಯಲ್ಲಮ್ಮ," ಎಂದು ಅವಳ ಕಡೆ ನೋಡಿದರು. ಹಾಗೆ ಅಪ್ಪ 'ರೇಡಿಯೋ ಅಜ್ಜ' ಆದರು. ಭಾನುವಾರ ಮಧ್ಯಾಹ್ನ ಅವರು ಹೇಳುತ್ತಿದ್ದರು, ಅವಳು ಬರೆದುಕೊಳ್ಳುತ್ತಿದ್ದಳು. ಅಪ್ಪನಿಗೆ ನೇರವಾಗಿ ಹೇಳಿ ಗೊತ್ತಿಲ್ಲ. ಪ್ರತಿ ಸಲಹೆಯೂ ಯಾರೋ ಮಾಡಿದ ಎಡವಟ್ಟಿನ ಕಥೆಯೊಳಗೆ ಸುತ್ತಿಕೊಂಡೇ ಬರುತ್ತಿತ್ತು. ಸ್ಟೇಷನ್ನುಗಳ ಹೆಸರಿರುವ ಗಾಜನ್ನು ನೀರಲ್ಲಿ ತೊಳೆಯಬಾರದು ಎನ್ನುವುದಕ್ಕೆ, ಒಬ್ಬಾಕೆ ಸೋಪು ಹಾಕಿ ಉಜ್ಜಿ ದೇಶವಿದೇಶದ ಊರುಗಳನ್ನೆಲ್ಲ ಮೋರಿಗೆ ಕಳಿಸಿದ ಕಥೆ. ಬಹುಕಾಲ ಮೂಲೆಯಲ್ಲಿದ್ದ ಸೆಟ್ಟಿಗೆ ಒಮ್ಮೆಲೇ ಕರೆಂಟು ಕೊಡಬೇಡಿ, ಸಾಲಿನಲ್ಲಿ ಒಂದು ಬಲ್ಬು ಸೇರಿಸಿ ಮೆಲ್ಲಗೆ ಎಬ್ಬಿಸಿ ಎನ್ನುವುದಕ್ಕೆ, ಹೊಸ ಅಳಿಯನ ಮುಂದೆ ಪ್ರದರ್ಶನಕ್ಕೆ ಹೋಗಿ ಕಂಡೆನ್ಸರ್ ಸಿಡಿಸಿ ಹುಬ್ಬು ಸುಟ್ಟುಕೊಂಡ ಮಾವನ ಕಥೆ. ಅವಳು ಕಥೆಯನ್ನು ಕತ್ತರಿಸಿ ಸಲಹೆಯನ್ನು ಉಳಿಸುತ್ತಿದ್ದಳು. ಅಚ್ಚಾದ ಪುಟವನ್ನು ಅಪ್ಪ ಓದುತ್ತಿರಲಿಲ್ಲ. "ನಿನ್ನ ಕೈಗೆ ಕೊಟ್ಟ ಮೇಲೆ ಅದು ಇಸ್ತ್ರಿ ಹಾಕಿದ ಬಟ್ಟೆ. ನನಗೆ ಹಾಕ್ಕೊಳ್ಳೋಕೆ ಭಯ," ಎಂದು ನಗುತ್ತಿದ್ದರು.

ಕಾಗದ ಒಂದೇ ಪುಟದ್ದು, ದುಂಡನೆಯ ಅಕ್ಷರ. ರೇಡಿಯೋ ಅಜ್ಜನವರಿಗೆ ನಮಸ್ಕಾರ. ನನ್ನ ಯಜಮಾನರು ದರ್ಜಿ. ತಮ್ಮ ಪುಟವನ್ನು ಪ್ರತಿ ವಾರ ಕತ್ತರಿಸಿ ಹೊಲಿಗೆ ಯಂತ್ರದ ಮುಂದಿನ ಗೋಡೆಗೆ ಅಂಟಿಸುತ್ತಾರೆ. ಹೋದ ವಾರ ತಾವು ಹೇಳಿದಂತೆಯೇ ಒಂದೊಂದಾಗಿ ಮಾಡಿದೆವು. ನಾನು ಓದುತ್ತಿದ್ದೆ, ಅವರು ಮಾಡುತ್ತಿದ್ದರು. ಕೊನೆಗೆ ಸೆಟ್ಟು ಹಚ್ಚಿ ಒಳಗಿನ ತಗಡನ್ನು ಮುಟ್ಟಿದಾಗ ಕರೆಂಟು ಹಿಡಿದುಕೊಂಡಿತು. ಎಡಗೈ ಯಂತ್ರದ ಕಬ್ಬಿಣದ ಮೇಲಿತ್ತು, ಆಗಷ್ಟೇ ನೆಲ ಒರೆಸಿದ್ದೆ. ನಾನು ವೈರು ಹಿಡಿದೆಳೆದ ಮೇಲೆ ಬಿಟ್ಟಿತು. ಜೀವಕ್ಕೆ ಅಪಾಯವಿಲ್ಲ. ಎಡಗೈಯ ಎರಡು ಬೆರಳು ಸದ್ಯಕ್ಕೆ ಮಡಿಸಲು ಬರುವುದಿಲ್ಲ. ನಾವು ಎಲ್ಲಿ ತಪ್ಪಿದೆವು ಎಂದು ದಯವಿಟ್ಟು ತಿಳಿಸಿ. ಓದುವಾಗ ನಾನು ಯಾವುದಾದರೂ ಸಾಲು ಬಿಟ್ಟೆನೋ ಎಂದು ಹತ್ತು ಸಲ ಓದಿ ನೋಡಿದೆ, ಸಿಗಲಿಲ್ಲ.

ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು. ಅದು ಅಲ್ಲೇ ಇತ್ತು. ಪಕ್ಕದ ಮೇಜಿನವನು ಸೇಬು ಕಚ್ಚುವ ಸದ್ದು ತೀರ ಹತ್ತಿರದಲ್ಲಿ, ಅವಳ ಕಿವಿಯೊಳಗೇ ಎಂಬಂತೆ ಕೇಳಿಸುತ್ತಿತ್ತು. ಎದ್ದು ಹೋಗಿ ಕೈ ತೊಳೆದುಕೊಂಡಳು. ಯಾಕೆ ತೊಳೆದುಕೊಂಡಳೋ ತಿಳಿಯದೆ, ಕೈ ಒರೆಸಿಕೊಳ್ಳದೆ, ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿರುವಂತೆಯೇ ಬಂದು ಕೂತಳು. ಹತ್ತು ಸಲ ಓದಿ ನೋಡಿದೆ, ಸಿಗಲಿಲ್ಲ. ಬೈದಿದ್ದರೆ, ಕೇಸು ಹಾಕುತ್ತೇವೆ ಎಂದಿದ್ದರೆ ಅವಳು ಉಸಿರಾಡಬಹುದಿತ್ತು. ಡ್ರಾಯರಿನಿಂದ ನೋಟ್‌ಬುಕ್ಕು ತೆಗೆದು ಆ ಭಾನುವಾರದ ಹಾಳೆಗೆ ಬಂದಳು. ಎಂಟು ಸಾಲು. ಒಂದೊಂದರ ಮೇಲೂ ಕೆಂಪು ಗೆರೆ. ಸಿಟ್ಟಿನಿಂದ ಗೀಚಿದ್ದಲ್ಲ, ಅಡಿಪಟ್ಟಿ ಇಟ್ಟು ಎಳೆದ ನೆಟ್ಟನೆಯ ಗೆರೆ. ಎಷ್ಟು ಚೆನ್ನಾಗಿ ಎಳೆದಿದ್ದೆ, ಅನ್ನಿಸಿತು ಅವಳಿಗೆ. ಜಾಗ ಸಾಲಲಿಲ್ಲ ಎಂದುಕೊಳ್ಳುವ ಹಾಗೂ ಇರಲಿಲ್ಲ. ಎಂಟು ಸಾಲು ಹೋಗಿ ಪುಟದ ಕೆಳಗೆ ಖಾಲಿ ಉಳಿದು, ಅಲ್ಲಿಗೆ ರೇಡಿಯೋದ ಒಂದು ಚಂದದ ಚಿತ್ರ ಹಾಕಿಸಿದ್ದವಳು ಅವಳೇ.

"ಏನಮ್ಮ, ಓದುಗರ ಪ್ರೀತಿಯಾ?" ಎಂದು ಸಂಪಾದಕರು ಹಾದುಹೋಗುತ್ತ ಕೇಳಿದರು.

"ಹೂಂ ಸಾರ್," ಎಂದಿದ್ದಳು.

ಆ ಭಾನುವಾರ ಅಪ್ಪ ಎಂದಿನಂತೆ ಮರದ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದರು. ಅಮ್ಮ ಒಳಗೆ ಬಟ್ಟೆ ಮಡಿಸುತ್ತಿದ್ದಳು. "ಮುಂದಿಂದು ಬರ್ಕೋ," ಎಂದು ಶುರು ಮಾಡಿದರು. "ಟ್ರಾನ್ಸ್‌ಫಾರ್ಮರ್ ಇಲ್ಲದ ಹಳೇ ಸೆಟ್ಟಿದ್ರೆ ಪ್ಲಗ್ಗು ಯಾವ ಕಡೆಯಿಂದ ಚುಚ್ಚಿದೀರಿ ಅನ್ನೋದೇ ಮುಖ್ಯ. ಎರಡೇ ಕಡ್ಡಿ ಅಲ್ವಾ, ಹೇಗೆ ಬೇಕಾದ್ರೂ ಹೋಗತ್ತೆ. ಒಂದು ಕಡೆ ಚುಚ್ಚಿದ್ರೆ ಒಳಗಿನ ತಗಡು, ಅದೇ ಚಾಸಿ, ಸತ್ತಿರತ್ತೆ, ಕರೆಂಟಿರಲ್ಲ, ತಿರುಗಿಸಿ ಚುಚ್ಚಿದ್ರೆ ಜೀವಂತ ಇರತ್ತೆ. ಇದನ್ನ ನನಗೆ ಕಲಿಸಿದ್ದು ನನ್ನ ಮಗಳು. ಏಳು ವರ್ಷದವಳು. ನಾನು ಒಂದು ನಿಮಿಷ ಆಚೆ ಹೋಗಿದ್ದೆ, ಅಪ್ಪಂಗೆ ಸಹಾಯ ಆಗ್ಲಿ ಅಂತ ಪ್ಲಗ್ಗು ಚುಚ್ಚಿಟ್ಟಿದ್ಳು. ತಿರುಗಿಸಿ ಚುಚ್ಚಿದ್ಳು. ಬಂದವನೇ ಬಲಗೈ ಚಾಸಿ ಮೇಲಿಟ್ಟೆ, ಎಡಗೈ ಪಕ್ಕದ ನೀರಿನ ನಲ್ಲಿ ಮೇಲೆ. ಈ ಕೈಯಿಂದ ಆ ಕೈಗೆ ಎದೆ ದಾಟ್ಕೊಂಡು ಹೋಯ್ತು ನೋಡು. ಅವತ್ತಿಂದ ಎಡಗೈ ಜೇಬಲ್ಲಿ. ಟೆಸ್ಟರ್ ಇಟ್ಟು ಚಾಸಿ ಸತ್ತಿದೆ ಅಂತ ಖಾತ್ರಿ ಆಗೋ ತನಕ ಆಚೆ ತೆಗೆಯೋ ಹಾಗಿಲ್ಲ." ಅಪ್ಪ ನಗುತ್ತಿದ್ದರು. ಸೋಪು ಹಾಕಿ ಊರುಗಳನ್ನು ತೊಳೆದಾಕೆಯ ಬಗ್ಗೆ ನಕ್ಕಂತೆಯೇ. "ಬರ್ಕೊಂಡ್ಯಾ?"

"ಬರ್ಕೊಂಡೆ."

ಅವಳು ತಲೆ ಎತ್ತಿರಲಿಲ್ಲ. ಪೆನ್ನು ತಾನಾಗಿ ಓಡಿ ನಿಂತಿತ್ತು. ನಲವತ್ತು ವರ್ಷ ಯಾರಿಗೂ ಗೊತ್ತಿಲ್ಲವೆಂದು ಅವಳು ಹೊತ್ತುಕೊಂಡು ಬಂದಿದ್ದನ್ನು ಅಪ್ಪ ಒಂದು ಉಸಿರಿನಲ್ಲಿ, ನಗುತ್ತ, ಊರಿಗೆಲ್ಲ ಹಂಚಲು ಕೊಟ್ಟಿದ್ದರು. ಆ ದಿನದ ಬಗ್ಗೆ ಅವಳಿಗೆ ನೆನಪಿರುವುದು ಒಂದು ವಾಸನೆ, ಖಾಲಿ ಮಾಡಿಟ್ಟ ದೊಡ್ಡ ರೇಡಿಯೋ ಪೆಟ್ಟಿಗೆಯೊಳಗಿನ ಹಳೆ ಮರ ಮತ್ತು ಅರಗಿನ ವಾಸನೆ, ಏಕೆಂದರೆ ಅವಳು ಅದರೊಳಗೆ ನುಗ್ಗಿ ಕೂತಿದ್ದಳು. ಮಕ್ಕಳ ಕಾರ್ಯಕ್ರಮ ಶುರುವಾಗುವ ಹೊತ್ತಾಗಿತ್ತು, ಅಪ್ಪ ಬರಲಿಲ್ಲ, ಪ್ಲಗ್ಗು ನೆಲದ ಮೇಲಿತ್ತು. ಆಮೇಲೆ ಅಪ್ಪನ ಗಂಟಲಿನಿಂದ ಅಪ್ಪನದಲ್ಲದ ಒಂದು ಸದ್ದು. ಅಮ್ಮ ಓಡಿ ಬಂದು ಪೊರಕೆಯ ಹಿಡಿಯಿಂದ ಪ್ಲಗ್ಗಿಗೆ ಹೊಡೆದದ್ದು. ನೆಲದ ಮೇಲೆ ಮಲಗಿದ್ದ ಅಪ್ಪನ ಒಂದು ಕಾಲು, ಚಪ್ಪಲಿ ಕಳಚಿದ್ದು, ಪೆಟ್ಟಿಗೆಯ ಸ್ಪೀಕರ್ ತೂತಿನಿಂದ ಕಾಣುತ್ತಿತ್ತು. ಆ ಬೆರಳುಗಳು ಅಲುಗುವವರೆಗೆ ಅವಳು ಅಪ್ಪನನ್ನು ಕೊಂದವಳಾಗಿದ್ದಳು. ಸಂಜೆ ಬಂದವರಿಗೆಲ್ಲ ಅಪ್ಪ, "ನನ್ನದೇ ಅಜಾಗ್ರತೆ, ಪ್ಲಗ್ಗು ತೆಗೆದಿದೀನಿ ಅಂತ ತಿಳ್ಕೊಂಡಿದ್ದೆ," ಎಂದಿದ್ದರು. ಮರುದಿನ ಅಮ್ಮ ಅವರ ಅಂಗಿಗಳಿಗೆಲ್ಲ ಎಡಗಡೆ, ಸೊಂಟದ ಹತ್ತಿರ, ಜೇಬು ಹೊಲಿದು ಕೊಟ್ಟಳು. ಅಷ್ಟೇ. ಅವಳು ಬೆಳೆದಳು, ಓದಿದಳು, ಕೆಲಸಕ್ಕೆ ಸೇರಿದಳು. ಮನೆಯಿಂದ ಹೊರಡುವ ಮುಂಚೆ ಪ್ರತಿ ಸ್ವಿಚ್ಚನ್ನೂ ಮೂರು ಸಲ ಮುಟ್ಟಿ ನೋಡುವ ಹೆಂಗಸಾದಳು. ಹಾಗಾದರೆ ಅಪ್ಪನಿಗೆ ಗೊತ್ತಿತ್ತು. ಅಂದೇ ಗೊತ್ತಿತ್ತು. ಪೆಟ್ಟಿಗೆಯೊಳಗೆ ಅವಳು ಇದ್ದದ್ದೂ ಗೊತ್ತಿತ್ತೋ ಏನೋ. ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಪುಟ ತಿದ್ದುವಾಗ ಅವಳು ಆ ಎಂಟು ಸಾಲಿಗೆ ಬಂದು, ಅಡಿಪಟ್ಟಿ ತೆಗೆದುಕೊಂಡಳು. ಕಥೆ ಕತ್ತರಿಸಿ ಸಲಹೆ ಉಳಿಸುವುದು ಅವಳ ಕೆಲಸ. ಆದರೆ ಆ ದಿನ ಅವಳ ಕಣ್ಣಿಗೆ ಬಿದ್ದದ್ದು ಒಂದೇ ಮಾತು, ನನ್ನ ಮಗಳು. ಅದು ಇರಕೂಡದು. ಅದರ ಜೊತೆ ಏನೇನು ಹೋಯಿತು ಎಂದು ಅವಳು ತಿರುಗಿ ಓದಲಿಲ್ಲ.

ಬಸ್ಸು ನಿಂತಿತು. ಇಳಿಯುವಾಗ ಅಪ್ಪ ಅವಳ ತೋಳು ಹಿಡಿದುಕೊಂಡರು. ಹೋದ ವಾರದವರೆಗೆ ಹಿಡಿದುಕೊಳ್ಳುತ್ತಿರಲಿಲ್ಲ.

ದರ್ಜಿಯ ಮನೆಯ ಬೀದಿ ಕಿರಿದು. ಎರಡೂ ಬದಿ ಮಹಡಿಯ ಮೇಲೆ ಮಹಡಿ, ಒಗೆದ ಬಟ್ಟೆ, ಕೆಳಗೆ ಬೀಗದ ಅಂಗಡಿ, ಕನ್ನಡಿ ಕತ್ತರಿಸುವವನ ಅಂಗಡಿ. ಕನ್ನಡಿಗಳ ಸಾಲಿನಲ್ಲಿ ತಾವಿಬ್ಬರೂ ಹಾದುಹೋಗುವುದನ್ನು ಅವಳು ನೋಡಿದಳು. ಚೀಲ ಹಿಡಿದ ಮುದುಕ, ಅವನಿಗಿಂತ ಒಂದು ಹೆಜ್ಜೆ ಹಿಂದೆ, ಯಾರೋ ಕರೆಯುತ್ತಾರೆಂದು ಕಾಯುವವಳಂತೆ ಕುತ್ತಿಗೆ ಚಾಚಿದ ಹೆಂಗಸು. ಮಂಗಳವಾರವೂ ಹೀಗೇ ನಡೆದು ಮನೆಗೆ ಬಂದಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಅಪ್ಪ, ನೀವು ಹೇಳಿದ್ರಿ, ನಾನು ತೆಗೆದುಬಿಟ್ಟೆ. ಇಷ್ಟೇ, ಐದು ಮಾತು. ಅಪ್ಪ ಕಾಗದ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅವರ ಮುಖದ ಕೆಳಭಾಗ ಮೆಲ್ಲಗೆ ಸಡಿಲವಾಯಿತು.

"ಎಡಗೈ ವಿಷಯ ನಾನು ಹೇಳಿದ್ನಲ್ಲ?"

"ಇಲ್ಲಪ್ಪ," ಎಂದಿತು ಅವಳ ಬಾಯಿ.

ತಾನು ಹಾಗೆಂದದ್ದನ್ನು ಅವಳು ಕೇಳಿಸಿಕೊಂಡಳು. ಬೇರೆ ಯಾರೋ ಪಕ್ಕದ ಕೋಣೆಯಲ್ಲಿ ಹೇಳಿದಂತೆ. ಹಿಂದಕ್ಕೆ ತೆಗೆದುಕೊಳ್ಳಲು ಒಂದು ಕ್ಷಣ ಇತ್ತು, ಅದು ಎಷ್ಟು ಅಗಲ ಇತ್ತೆಂದು ಇಂದಿಗೂ ಅವಳಿಗೆ ಕಾಣಿಸುತ್ತದೆ, ಒಬ್ಬ ಮನುಷ್ಯ ಆರಾಮಾಗಿ ಹಾದುಹೋಗುವಷ್ಟು.

"ಹೇಳಿದ ಹಾಗೇ ನೆನಪು. ನೀನು ಚಿಕ್ಕವಳಿದ್ದಾಗಿಂದು ಹೇಳಿದೆ ಅಂತ..."

"ಬೇರೆ ಯಾವಾಗಲೋ ಹೇಳಿರಬೇಕು ಬಿಡಿ. ನಿಮಗೆ ಹಾಗನ್ಸಿರಬೇಕು." ಮೊದಲನೆಯ ಸುಳ್ಳು ಹೆದರಿಕೆಯದು. ಈ ಎರಡನೆಯದನ್ನು ಅವಳು ಸಮಾಧಾನ ಹೇಳುವ ದನಿಯಲ್ಲಿ ಹೇಳಿದಳು, ಅವರ ಭುಜ ಮುಟ್ಟಿ ಹೇಳಿದಳು. ಅದು ನೆನಪಾದಾಗಲೆಲ್ಲ ಆ ಅಂಗೈಯನ್ನು ಬಟ್ಟೆಗೆ ಉಜ್ಜಿಕೊಳ್ಳಬೇಕೆನ್ನಿಸುತ್ತದೆ.

ಅಮ್ಮ ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡಿ, ವಯಸ್ಸಾಯ್ತು. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ಯಾರು, ನಾನಾ?" ಎಂದಳು. ತಮಾಷೆಗೆ ಎಂದದ್ದು. ಅಪ್ಪ ನಗಲಿಲ್ಲ. "ಅಣ್ಣಂಗೂ ಹೀಗೇ ಶುರುವಾಗಿದ್ದು," ಎಂದರು. ದೊಡ್ಡಪ್ಪ ಕೊನೆಯ ಮೂರು ವರ್ಷ ಸ್ವಂತ ಮಕ್ಕಳನ್ನು ಯಾರಪ್ಪ ನೀವು ಎಂದು ಕೇಳುತ್ತಿದ್ದವರು. ಊಟಕ್ಕೆ ಬಡಿಸಿದ ಅಪ್ಪನಿಗೆ, ಒಳ್ಳೇ ಜನ ನೀವು, ನಮ್ಮ ಮನೆಯವರಿಗೂ ಹೇಳ್ತೀನಿ ಎಂದವರು. ಅಪ್ಪ ಅಂದಿನಿಂದ ಹೆದರಿದ್ದು ಸಾವಿಗಲ್ಲ, ಅದಕ್ಕೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬುಧವಾರ ಸುಮ್ಮನಿದ್ದಳು. ಗುರುವಾರ ಅಪ್ಪ ರಿಪೇರಿ ಕೋಣೆಯಲ್ಲಿ ಡ್ರಾಯರುಗಳಿಗೆಲ್ಲ ಚೀಟಿ ಅಂಟಿಸಿದರು, ಸ್ಕ್ರೂ, ವೈರು, ಫ್ಯೂಸು ಎಂದು ಬರೆದು. ಶುಕ್ರವಾರ, ರಿಪೇರಿಗೆ ಬಂದಿದ್ದ ಎರಡು ಸೆಟ್ಟುಗಳ ವಾರಸುದಾರರನ್ನು ಕರೆಸಿ ವಾಪಸು ಕೊಟ್ಟರು. "ನನ್ನ ಕೈ ಮೇಲೆ ನಂಬಿಕೆ ಇದೆ, ತಲೆ ಮೇಲೆ ಇಲ್ಲ," ಎಂದರು ಅವರಿಗೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಅವಳು, ಈಗ ಹೇಳಬೇಕು, ಅಂದುಕೊಂಡಳು. ಆಮೇಲೆ, ಹೇಳಲು ಇನ್ನೂ ಸಮಯವಿದೆ ಎಂದು ನೆನೆದು ಹಗುರಾದಳು, ಮತ್ತು ಆ ಹಗುರಕ್ಕೆ ಬೆಚ್ಚಿದಳು. ಶನಿವಾರ ರಾತ್ರಿಯ ಊಟದಲ್ಲಿ ಅಪ್ಪ, "ಆ ದರ್ಜಿಯವರ ಸೆಟ್ಟು ನಾನೇ ಹೋಗಿ ಮುಗಿಸಿ ಕೊಡ್ತೀನಿ. ಅಲ್ಲಿಗೆ ಸಾಕು. ಪುಟಾನೂ ಸಾಕು. ನೀನು ಜೊತೇಗೆ ಬಾ, ನಾನು ಏನಾದ್ರೂ ಬಿಟ್ರೆ ನೋಡು," ಎಂದರು.

ಮೇಲಿನ ಮಹಡಿಯಲ್ಲಿ ಬಾಗಿಲು ತೆರೆದವಳು ಕಾಗದ ಬರೆದಾಕೆ. ಅಕ್ಷರ ದುಂಡಗಿದ್ದಂತೆ ಆಕೆಯೂ ದುಂಡಗೆ, ಕೊರಳಲ್ಲಿ ಅಳತೆಯ ಟೇಪು. "ಅಯ್ಯೋ, ರೇಡಿಯೋ ಅಜ್ಜ! ಇವರೇ, ಬಂದ್ರು ನೋಡಿ," ಎಂದು ಒಳಗೆ ಕೂಗಿದಳು. ಒಂದೇ ಕೋಣೆ, ಅರ್ಧ ಅಂಗಡಿ ಅರ್ಧ ಮನೆ. ಹೊಲಿಗೆ ಯಂತ್ರ ಗೋಡೆಗೆ ಮುಖ ಮಾಡಿ ನಿಂತಿತ್ತು. ಗೋಡೆಯ ತುಂಬ ಅವಳ ಪುಟಗಳು. ಎರಡು ವರ್ಷದ್ದು, ಒಂದೂ ಬಿಡದೆ, ಮೈದಾದಲ್ಲಿ ಅಂಟಿಸಿ ಅಂಚು ಸಮ ಮಾಡಿದ್ದವು. ಕೊನೆಯದರ ಕೆಳಗಡೆ ಅವಳು ಹಾಕಿಸಿದ್ದ ರೇಡಿಯೋ ಚಿತ್ರ ಅವಳನ್ನೇ ನೋಡುತ್ತಿತ್ತು. ದರ್ಜಿ ಎದ್ದು ನಿಂತು ಕೈ ಮುಗಿಯಲು ಹೋಗಿ, ಎಡಗೈಯ ಪಟ್ಟಿ ಅಡ್ಡ ಬಂದು, ಒಂದೇ ಕೈ ಎತ್ತಿದ.

"ತಮ್ಮ ಹತ್ರ ಕ್ಷಮೆ ಕೇಳೋಕೆ ಬಂದೆ," ಎಂದರು ಅಪ್ಪ, ಚೀಲ ಕೆಳಗಿಡದೆಯೇ. "ಒಂದು ಮುಖ್ಯವಾದ ಮಾತು ಹೇಳೋದು ಮರೆತುಬಿಟ್ಟೆ. ಈ ತರದ ಸೆಟ್ಟಿಗೆ ಎಡಗೈ ಜೇಬಲ್ಲಿಟ್ಕೋಬೇಕು. ನನಗೆ ಸ್ವಲ್ಪ ಮರೆವು ಬಂದಿದೆ."

"ಅಯ್ಯೋ ಬಿಡಿ ಅಜ್ಜ, ಕೂತ್ಕೊಳ್ಳಿ," ಎಂದ ದರ್ಜಿ. "ನಲವತ್ತು ವರ್ಷ ಊರವರಿಗೆಲ್ಲ ಜೇಬು ಹೊಲಿದೆ. ನನ್ನ ಕೈಗೂ ಒಂದು ಬೇಕಾಗತ್ತೆ ಅಂತ ಹೊಳೀಲೇ ಇಲ್ಲ ನೋಡಿ." ಅವನು ನಕ್ಕ. ಹೆಂಡತಿ ನಗಲಿಲ್ಲ. "ಮರೆತಿದ್ರಾ?" ಎಂದು ಅಪ್ಪನನ್ನು ನೋಡಿದಳು. "ನಾನೇ ಓದುವಾಗ ಬಿಟ್ಟೆ ಅಂತ... ಇವತ್ತಿಗೂ ಅನುಮಾನ ನನಗೆ. ಎರಡು ಸಾಲು ಒಟ್ಟಿಗೆ ದಾಟಿಬಿಟ್ಟೆನೇನೋ ಅಂತ. ರಾತ್ರಿ ಎದ್ದು ಮತ್ತೆ ಓದ್ತೀನಿ."

"ಇವಳು ದೀಪ ಹಚ್ಚಿ ಓದೋದು, ನನಗೆ ನಿದ್ದೆ ಇಲ್ಲ," ಎಂದ ದರ್ಜಿ. "ಬೆರಳು ಸರಿಹೋಗತ್ತೆ ಅಂದಿದಾರೆ ಡಾಕ್ಟರು, ಇವಳು ಸರಿಹೋಗೋ ಲಕ್ಷಣ ಇಲ್ಲ." ಬಟ್ಟೆ ಹಿಡಿದು ಸೂಜಿಯ ಕೆಳಗೆ ತಳ್ಳುವುದು ಎಡಗೈ. ಯಂತ್ರದ ಮೇಲೆ ಅರ್ಧ ಹೊಲಿದ ಅಂಗಿಯೊಂದು, ಒಂದು ತೋಳಿನದು, ಸೂಜಿಗೆ ಸಿಕ್ಕಿಕೊಂಡೇ ಇತ್ತು. ಅದರ ಮಡಿಕೆಗಳಲ್ಲಿ ಧೂಳು ಕೂತಿತ್ತು. ಅವಳಿಗೆ ಅದರಿಂದ ಕಣ್ಣು ತೆಗೆಯಲಾಗಲಿಲ್ಲ.

ಅಪ್ಪ ಕೆಲಸಕ್ಕೆ ಕೂತರು. ಸೆಟ್ಟನ್ನು ಯಂತ್ರದ ಪಕ್ಕದ ಮೇಜಿನ ಮೇಲಿಟ್ಟು, ಜೇಬಿನಿಂದ ಚೀಟಿ ತೆಗೆದರು. ಅವಳು ಬಾಲ್ಯದಿಂದ ನೋಡಿದ ಅಪ್ಪ ರೇಡಿಯೋ ಬಿಚ್ಚುವಾಗ ಸೆಟ್ಟನ್ನು ನೋಡುತ್ತಲೇ ಇರಲಿಲ್ಲ. ಕಿಟಕಿಯ ಆಚೆ ನೋಡುತ್ತ, ಯಾರದೋ ಕಥೆ ಹೇಳುತ್ತಿದ್ದರೆ ಬಲಗೈ ತನ್ನಷ್ಟಕ್ಕೆ ಒಳಗೆ ಓಡಾಡುತ್ತಿತ್ತು. ಈಗ ಅವರು ಒಂದು ಸಾಲು ಓದಿ, ಒಂದು ಕೆಲಸ ಮಾಡಿ, ಮತ್ತೆ ಚೀಟಿಗೆ ಬರುತ್ತಿದ್ದರು. ಕಥೆ ಇಲ್ಲ. ಮಾತೇ ಇಲ್ಲ. ಸುಟ್ಟ ವೈರು ಬದಲಾಯಿಸಿದರು. ಒಡೆದ ಕಂಡೆನ್ಸರ್ ತೆಗೆದು ಹೊಸದನ್ನು ಬೆಸೆದರು. ಬೆಸುಗೆಯ ಹೊಗೆ ಮೇಲೆದ್ದು ಪುಟಗಳಂಟಿಸಿದ ಗೋಡೆಯ ಮೇಲೆ ಹರಡಿತು. ಅವರು ಎಷ್ಟು ಚೆನ್ನಾಗಿ ಬೆಸೆದರೆಂದರೆ, ಕಣ್ಣೀರು ಬಂದೀತೆಂದು ಅವಳು ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. ಪ್ಲಗ್ಗು ಚುಚ್ಚುವ ಜಾಗ ಅಲ್ಲೇ, ಬಾಗಿಲ ಪಕ್ಕ.

"ಅಲ್ಲೇ ಇದೀಯಲ್ಲ, ಹದಿಮೂರನೇದು, ಪ್ಲಗ್ಗು ಹಾಕು," ಎಂದರು ಅಪ್ಪ.

ಅವಳು ಬಗ್ಗಿ ಪ್ಲಗ್ಗು ಎತ್ತಿಕೊಂಡಳು. ಎರಡು ಹಿತ್ತಾಳೆಯ ಕಡ್ಡಿ, ಕಪ್ಪು ಗುಂಡಿ, ಬಟ್ಟೆ ಸುತ್ತಿದ ಹಳೆಯ ವೈರು. ಅಂಗೈಯಲ್ಲಿ ಅದರ ತೂಕ ಅವಳಿಗೆ ಪರಿಚಯವಿತ್ತು. ಏಳು ವರ್ಷದ ಅಂಗೈಗೆ ಅದು ಇನ್ನೂ ದೊಡ್ಡದಾಗಿತ್ತು, ಎರಡೂ ಕೈಯಲ್ಲಿ ಹಿಡಿದು ಚುಚ್ಚಿದ್ದಳು. ತಿರುಗಿ ಅಪ್ಪನ ಕಡೆ ನೋಡಿದಳು. ಬಲಗೈಯಲ್ಲಿ ಟೆಸ್ಟರು ಹಿಡಿದು, ಆ ಕೈಯ ಮಣಿಕಟ್ಟನ್ನು ಚಾಸಿಯ ಅಂಚಿಗೆ ಆನಿಸಿ ಅವರು ಕಾಯುತ್ತಿದ್ದರು. ಫ್ಯಾನಿನ ಗಾಳಿಗೆ ಚೀಟಿ ಹಾರದಂತೆ ಅದನ್ನು ಹೊಲಿಗೆ ಯಂತ್ರದ ಮೇಲೆ ಹರಡಿ ಎಡಗೈಯಿಂದ ಒತ್ತಿ ಹಿಡಿದಿದ್ದರು. ಕಣ್ಣು ಚೀಟಿಯ ಮೇಲೆ. ಐದು ಬೆರಳೂ ಅಗಲವಾಗಿ, ಕಬ್ಬಿಣದ ಮೇಲೆ. ದರ್ಜಿಯ ಕೈ ಇದ್ದ ಜಾಗ ಅದು.

ಜೇಬಿನೊಳಗಿನ ಎಡಗೈ ಚೀಟಿಯಲ್ಲಿ ಇರಲಿಲ್ಲ. ನಲವತ್ತು ವರ್ಷ ಅದು ತಾನೇ ಹೋಗಿ ಜೇಬಿನಲ್ಲಿ ಕೂರುತ್ತಿತ್ತು, ಯಾರೂ ಅದಕ್ಕೆ ಹೇಳಬೇಕಿರಲಿಲ್ಲ. ಈಗ ಆ ಕೈಗೆ ಚೀಟಿ ಹಿಡಿಯುವ ಕೆಲಸ ಬಂದಿತ್ತು. ಆ ಕೆಲಸ ಕೊಟ್ಟವಳು ಪ್ಲಗ್ಗು ಹಿಡಿದು ನಿಂತಿದ್ದಳು.

"ಹಾಕಮ್ಮ."

"ಹಾಕಲ್ಲ," ಎಂದಳು.

ಅಪ್ಪ ತಲೆ ಎತ್ತಿದರು. ಅವಳ ದನಿ ಎಷ್ಟು ಜೋರಾಗಿತ್ತೆಂದು ದರ್ಜಿಯ ಹೆಂಡತಿಯ ಮುಖ ನೋಡಿ ಅವಳಿಗೆ ತಿಳಿಯಿತು.

"ಎಡಗೈ ಎಲ್ಲಿದೆ ನೋಡಿ ಅಪ್ಪ."

ಅಪ್ಪ ನೋಡಿದರು. ತಮ್ಮ ಕೈಯನ್ನು, ಯಾರೋ ಬಂದು ಮರೆತುಹೋದ ವಸ್ತುವನ್ನು ನೋಡುವಂತೆ ನೋಡಿದರು. ಅವರ ಬಾಯಿ ತೆರೆದುಕೊಂಡಿತು. ದೊಡ್ಡಪ್ಪನ ಮುಖ ಅಲ್ಲಿ, ಆ ಕಣ್ಣಿನ ಸುತ್ತ, ಒಂದು ಗಳಿಗೆ ಬಂದು ಕೂತದ್ದನ್ನು ಅವಳು ಕಂಡಳು, ಮತ್ತು ಅದು ಅಲ್ಲಿ ಇರಕೂಡದು, ಅದನ್ನು ಅಲ್ಲಿ ಕೂರಿಸಿದವಳು ತಾನು ಎಂದು ಕಂಡಳು.

"ನಿಮಗೆ ಮರೆವಿಲ್ಲ," ಎಂದಳು. "ನೀವು ಹೇಳಿದ್ರಿ. ಆವತ್ತು ಭಾನುವಾರ, ಪೂರ್ತಿ ಹೇಳಿದ್ರಿ. ಪ್ಲಗ್ಗು ತಿರುಗಿಸೋದು, ಟೆಸ್ಟರ್ ಇಡೋದು, ಎಡಗೈ ಜೇಬಲ್ಲಿಡೋದು. ಎಂಟು ಸಾಲು. ನಾನು ಬರ್ಕೊಂಡು ಆಮೇಲೆ ಹೊಡೆದುಹಾಕಿದೆ. ಮೊನ್ನೆ ನೀವು ಕೇಳಿದಾಗ ಇಲ್ಲ ಅಂತ ಸುಳ್ಳು ಹೇಳಿದೆ."

ಫ್ಯಾನು ತಿರುಗುತ್ತಿತ್ತು. ಕೆಳಗೆ ಯಾರೋ ಗಾಜು ಕತ್ತರಿಸುವ ಸದ್ದು, ಕೀರ್ ಎಂದು ಎಳೆದು, ಆಮೇಲೆ ಟಕ್ ಎಂದು ಮುರಿದದ್ದು. ಮೊದಲು ಮಾತಾಡಿದವಳು ದರ್ಜಿಯ ಹೆಂಡತಿ.

"ಹಾಗಾದ್ರೆ ನಾನು ಬಿಟ್ಟಿದ್ದಲ್ಲ," ಎಂದಳು. ಬೈಗುಳದಂತಿರಲಿಲ್ಲ. ಆಕೆ ಗೋಡೆಯ ಕಡೆ ತಿರುಗಿ, ಕೊನೆಯ ಪುಟದ ಕೆಳಗಿನ ಚಿತ್ರದ ಮೇಲೆ ಬೆರಳಿಟ್ಟು, ಅದರ ಅಂಚಿನುದ್ದಕ್ಕೂ ಎಳೆದಳು, ಬಟ್ಟೆಯಲ್ಲಿ ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ಹುಡುಕುವವರ ಹಾಗೆ. "ಇಲ್ಲಿತ್ತಾ?"

"ಅಲ್ಲೇ ಇತ್ತು," ಎಂದಳು ಅವಳು.

ದರ್ಜಿ ತನ್ನ ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡ. ಯಂತ್ರದ ಮೇಲಿನ ಒಂಟಿ ತೋಳಿನ ಅಂಗಿಯನ್ನು ಬಲಗೈಯಲ್ಲಿ ಸರಿಪಡಿಸಿಟ್ಟ. ಇಷ್ಟು ಹೊತ್ತು ಅವನು ಮಾಡುತ್ತಿದ್ದ ತಮಾಷೆ ಇನ್ನು ತನ್ನ ಪಾಲಿಗಿಲ್ಲವೆಂದು ಅವಳಿಗೆ ತಿಳಿಯಿತು.

"ಯಾಕೆ ತೆಗೆದೆ?" ಎಂದರು ಅಪ್ಪ.

"ಅದ್ರಲ್ಲಿ ನಾನಿದ್ದೆ."

ಅಪ್ಪನ ಮುಖದಲ್ಲಿ ಅವಳು ಹುಡುಕಿದ್ದು ಬಿಡುಗಡೆ, ಸಿಟ್ಟು, ಏನಾದರೊಂದು. ಅವಳಿಗೆ ಕಂಡದ್ದು ಬೆರಗು. "ನಿನಗೆ ನೆನಪಿತ್ತಾ ಅದು?" ಎಂದರು, ತೀರ ಮೆತ್ತಗೆ. "ಅಷ್ಟು ಚಿಕ್ಕವಳು... ನಿನಗೆ ಗೊತ್ತೇ ಆಗಿಲ್ಲ ಅಂತ ತಿಳ್ಕೊಂಡಿದ್ದೆ ನಾನು. ಗೊತ್ತಾಗಬಾರದು ಅಂತಲೇ ಬಂದವರಿಗೆಲ್ಲ ನಂದೇ ತಪ್ಪು ಅಂದೆ. ಇಷ್ಟು ವರ್ಷ ಆದ ಮೇಲೆ ಇನ್ನೇನು, ನಗೋ ಕಥೆ ಅಂತ ಹೇಳಿದೆ."

ಬಾಗಿಲ ಚೌಕಟ್ಟು ಅವಳ ಬೆನ್ನಿಗೆ ಒತ್ತುತ್ತಿತ್ತು. ಅಪ್ಪ ಯಂತ್ರದ ಮೇಲಿನಿಂದ ಚೀಟಿ ತೆಗೆದು, ಹದಿನಾಲ್ಕು ಸಾಲನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ, ಹರಿಯದೆ, ಮುದುರದೆ, ಬೇಡವಾದ ಸ್ಕ್ರೂಗಳ ಡಬ್ಬಿಯೊಳಗೆ ಹಾಕಿದರು. ದರ್ಜಿಯ ಹೆಂಡತಿಗೆ, "ಆ ಎಂಟು ಸಾಲು ಮುಂದಿನ ವಾರ ಬರತ್ತಮ್ಮ. ಇವಳ ಹೆಸರು ಹಾಕಿಯೇ ಬರತ್ತೆ," ಎಂದರು. ಅವಳನ್ನು ಕೇಳಲಿಲ್ಲ. ಆಮೇಲೆ ಕುರ್ಚಿಯನ್ನು ಯಂತ್ರದಿಂದ ದೂರಕ್ಕೆ ಎಳೆದುಕೊಂಡು, ಮಣಿಕಟ್ಟನ್ನು ಚಾಸಿಯಿಂದೆತ್ತಿ, ಎಡಗೈಯನ್ನು ಜೇಬಿಗೆ ಹಾಕಿದರು. ಅಮ್ಮ ಹೊಲಿದ ಜೇಬು. ಕೈ ಅದರೊಳಗೆ ಮುಷ್ಟಿಯಾಗಿ ಕೂತದ್ದು ಬಟ್ಟೆಯ ಮೇಲಿನಿಂದ ಕಾಣುತ್ತಿತ್ತು.

"ಈಗ ಹಾಕು."

ಅವಳು ಹಾಕಿದಳು. ಯಾವ ಕಡೆ ಎಂದು ಗೊತ್ತಿರಲಿಲ್ಲ. ನೋಡಿ ತಿಳಿಯುವಂಥದ್ದಲ್ಲ ಅದು. ಅಪ್ಪ ಸ್ವಿಚ್ಚು ತಿರುಗಿಸಿ ಟೆಸ್ಟರಿನ ತುದಿಯನ್ನು ಚಾಸಿಗೆ ಮುಟ್ಟಿಸಿದರು. ಹಿಡಿಯೊಳಗೆ ಕಡಲೆಕಾಳಿನಷ್ಟು ಕೆಂಪು ದೀಪ ಹತ್ತಿಕೊಂಡಿತು. ನಾಲ್ವರೂ ಅದನ್ನು ನೋಡಿದರು.

"ಜೀವಂತ ಇದೆ," ಎಂದರು ಅಪ್ಪ, ದೀಪದಿಂದ ಕಣ್ಣು ತೆಗೆಯದೆ. "ತೆಗೆದು ತಿರುಗಿಸಿ ಹಾಕು."

ಅವಳು ಪ್ಲಗ್ಗು ಕಿತ್ತಳು. ಬೆರಳುಗಳಲ್ಲಿ ಅದನ್ನು ನಿಧಾನಕ್ಕೆ ತಿರುಗಿಸಿದಳು, ಮೇಲಿನ ಕಡ್ಡಿ ಕೆಳಗೆ, ಕೆಳಗಿನದು ಮೇಲೆ. ಎರಡೂ ಕೈಯಲ್ಲಿ ಹಿಡಿದುಕೊಂಡು, ಹಾಕಿದಳು.